ಗ್ರಾಮಸಭೆಯಲ್ಲಿ ಆಡಬೇಕಾದ ಮಾತು

ಗುಂಪು ಚರ್ಚೆ ಎಂಬುದು ಒಂದು ವಿಷಯದಲ್ಲಿ ಪಾಲುಳ್ಳ ಹಲವರು ಒಂದೆಡೆ ಸೇರಿ, ತಮ್ಮ ತಮ್ಮಲ್ಲಿರುವ ತಿಳಿವಳಿಕೆಯನ್ನು ಮುಂದಿಟ್ಟು, ಒಬ್ಬೊಬ್ಬರೇ ಯೋಚಿಸಿದ್ದರೆ ಹೊಳೆಯದಿದ್ದ ತೀರ್ಮಾನಕ್ಕೆ ಬರುವ ಸಲುವಾಗಿ ನಡೆಸುವ ಮಾತುಕತೆ. ಭಾಷಣದಲ್ಲಿ ಹೇಳುವವರು ಒಬ್ಬರು, ಕೇಳುವವರು ಹಲವರು. ಚರ್ಚಾಸ್ಪರ್ಧೆಯಲ್ಲಿ ಹೇಳುವವರು ಹಲವರಿದ್ದರೂ ಯಾರು ಪರ, ಯಾರು ವಿರೋಧ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಗುಂಪು ಚರ್ಚೆಯಲ್ಲಿ ಮಾತ್ರ ಹೇಳುವವರೂ ಕೇಳುವವರೂ ಒಂದೇ ಜನರಾಗಿದ್ದು, ಮಾತು ಮುಗಿಯುವ ಹೊತ್ತಿಗೆ ಯಾರ ನಿಲುವಾದರೂ ಬದಲಾಗಬಹುದು ಎಂಬ ಸಾಧ್ಯತೆಯನ್ನು ಎಲ್ಲರೂ ಒಪ್ಪಿಕೊಂಡಿರಬೇಕಾಗುತ್ತದೆ. ಕರ್ನಾಟಕದ ಶಾಲಾ ಕಾಲೇಜುಗಳು ಭಾಷಣ ಸ್ಪರ್ಧೆಯನ್ನೂ ಚರ್ಚಾಸ್ಪರ್ಧೆಯನ್ನೂ ಧಾರಾಳವಾಗಿ ಏರ್ಪಡಿಸುತ್ತವೆ, ಗೆದ್ದವರಿಗೆ ಬಹುಮಾನ ಕೊಡುತ್ತವೆ; ಎದುರಿನವರ ಮಾತು ಕೇಳಿ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡ ವಿದ್ಯಾರ್ಥಿಗೆ ಬಹುಮಾನ ಕೊಡುವ ಏರ್ಪಾಡು ಮಾತ್ರ ಕಾಣಸಿಗುವುದು ಅಪರೂಪ. ಹೀಗಾಗಿ ಚರ್ಚೆಯೆಂದರೆ ಎದುರಿನವರ ಬಾಯಿ ಮುಚ್ಚಿಸುವುದು ಎಂಬ ಭಾವನೆ ಎಳವೆಯಲ್ಲೇ ಬೇರೂರಿ, ಮುಂದೆ ಸಹಕಾರ ಸಂಘದ ವಾರ್ಷಿಕ ಮಹಾಸಭೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೂ ಊರಿನ ಗ್ರಾಮಸಭೆಗೂ ಅದೇ ಭಾವನೆಯೊಂದಿಗೆ ಜನ ಹೋಗುತ್ತಾರೆ.

ಗೆಲ್ಲಲು ನಡೆಸುವ ಚರ್ಚೆ, ತಿಳಿಯಲು ನಡೆಸುವ ಚರ್ಚೆ, ಈ ಎರಡು ಬಗೆಯ ಮಾತುಕತೆಗಳ ನಡುವಿನ ವ್ಯತ್ಯಾಸವನ್ನು ಭಾರತದ ಪ್ರಾಚೀನ ಶಾಸ್ತ್ರಕಾರರು ಬಹಳ ಸ್ಪಷ್ಟವಾಗಿ ಗುರುತಿಸಿದ್ದರು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ: ಸತ್ಯ ಯಾವುದೆಂದು ತಿಳಿಯುವ ಉದ್ದೇಶದಿಂದ ಪ್ರಮಾಣ ಮತ್ತು ತರ್ಕದ ನೆರವಿನಿಂದ ನಡೆಸುವುದು ವಾದ, ಗೆಲ್ಲುವುದೇ ಉದ್ದೇಶವಾಗಿ, ಮಾತಿನ ಅರ್ಥವನ್ನು ತಿರುಚುವ ಛಲದಂತಹ ತಂತ್ರಗಳನ್ನೂ ಬಳಸಿ ನಡೆಸುವುದು ಜಲ್ಪ, ತನ್ನದೆಂಬ ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಿನವರ ಪಕ್ಷವನ್ನು ಒಡೆಯುವುದಷ್ಟನ್ನೇ ಮಾಡುವುದು ವಿತಂಡ. ವೈದ್ಯಶಾಸ್ತ್ರದ ಗ್ರಂಥವಾದ ಚರಕಸಂಹಿತೆ ಇದೇ ವಿಷಯವನ್ನು ಇನ್ನೂ ಬಳಕೆಯ ನೆಲೆಗೆ ತಂದು, ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ವೈದ್ಯರು ತಮ್ಮ ವಿದ್ಯೆಯನ್ನು ಬಲ್ಲವರೊಂದಿಗೆ ನಡೆಸಬೇಕಾದ ಸಂಭಾಷೆಯನ್ನು ವಿಸ್ತಾರವಾಗಿ ವಿವರಿಸುತ್ತದೆ. ಅಲ್ಲಿ ಸ್ನೇಹದಿಂದ ಕೂಡಿ ಮಾತನಾಡುವ ಸಂಧಾಯ ಸಂಭಾಷೆ ಮತ್ತು ಎದುರಾಳಿಯಾಗಿ ನಿಂತು ಮಾತನಾಡುವ ವಿಗೃಹ್ಯ ಸಂಭಾಷೆ ಎಂಬ ಎರಡು ಬಗೆಗಳನ್ನು ಹೇಳಿ, ಮಾತಿಗಿಳಿಯುವ ಮೊದಲು ಎದುರಿನವರ ಅರಿವೆಷ್ಟು, ಕೇಳುತ್ತಿರುವ ಸಭೆ ತಿಳಿವಳಿಕೆಯುಳ್ಳದ್ದೋ ಅಲ್ಲವೋ, ಅದು ಸ್ನೇಹಭಾವದ್ದೋ, ಉದಾಸೀನವಾದದ್ದೋ, ವಿರೋಧಭಾವದ್ದೋ ಎಂಬುದನ್ನು ಅಳೆದು ನೋಡಬೇಕೆಂದು ಸೂಚಿಸಲಾಗಿದೆ. ಸಭೆಯ ಸ್ವಭಾವವನ್ನು ಅರಿಯದೆ ಆಡಿದ ಒಳ್ಳೆಯ ಮಾತೂ ವ್ಯರ್ಥವಾಗುತ್ತದೆ ಎಂಬ ಈ ತಿಳಿವಳಿಕೆ, ಚರ್ಚಾಕೌಶಲದ ಬಗ್ಗೆ ಇಂದು ಬರುತ್ತಿರುವ ಅನೇಕ ಕೈಪಿಡಿಗಳಲ್ಲಿಯೂ ಇಷ್ಟು ಖಚಿತವಾಗಿ ಸಿಗುವುದಿಲ್ಲ.

ಸಾಮಾನ್ಯ ಕನ್ನಡಿಗರಿಗೆ ಕಾನೂನಿನ ಬಲದೊಂದಿಗೆ ಗುಂಪು ಚರ್ಚೆಯಲ್ಲಿ ಪಾಲ್ಗೊಳ್ಳುವ ಹಕ್ಕು ದೊರೆತಿರುವ ಅತಿ ದೊಡ್ಡ ವೇದಿಕೆ ಗ್ರಾಮಸಭೆ. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಪಂಚಾಯತ್ ಕಾಯ್ದೆಯಲ್ಲಿಯೇ ಗ್ರಾಮಸಭೆಗೆ ಸ್ಥಾನವಿತ್ತು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಅದಕ್ಕೆ ಸಂವಿಧಾನದ ಮನ್ನಣೆಯೂ ದೊರೆಯಿತು. ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಇದರ ಸದಸ್ಯರು. ಅಂದರೆ ಯಾರೂ ಆಹ್ವಾನಿತರಾಗಿ ಬರುವುದಿಲ್ಲ, ಹಕ್ಕುದಾರರಾಗಿಯೇ ಬರುತ್ತಾರೆ. ಕನಿಷ್ಠ ಆರು ತಿಂಗಳಿಗೊಮ್ಮೆ ಸಭೆ ಸೇರಬೇಕೆಂದು ರಾಜ್ಯದ ಕಾಯ್ದೆ ಹೇಳುತ್ತದೆ, ಹಾಜರಾದವರಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕೆಂಬುದೂ ಅದರ ಆಶಯವಾಗಿದೆ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ಕ್ರಿಯಾಯೋಜನೆಗೆ ಸೇರಬೇಕಾದ ಕಾಮಗಾರಿಗಳ ಆದ್ಯತೆ, ಮುಗಿದ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ, ಕುಡಿಯುವ ನೀರು, ಬೀದಿದೀಪ, ಚರಂಡಿ ಹೀಗೆ ದಿನದ ಬದುಕಿಗೆ ತಾಗುವ ವಿಷಯಗಳೇ ಅಲ್ಲಿ ಚರ್ಚೆಗೆ ಬರುತ್ತವೆ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಇಷ್ಟು ಕಡೆಗಳಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ ನಡೆಯಬೇಕಾದ ಚರ್ಚೆಯಲ್ಲಿ ಹೇಗೆ ಪಾಲ್ಗೊಳ್ಳಬೇಕೆಂಬುದನ್ನು ಮಾತ್ರ ಜನರಿಗೆ ಯಾರೂ ಹೇಳಿಕೊಡುವುದಿಲ್ಲವೆಂಬುದು ಗಂಭೀರವಾದ ಕೊರತೆ.

ಸಮಯದ ಲೆಕ್ಕವನ್ನೇ ಮೊದಲು ನೋಡಬಹುದು. ನೂರು ಜನ ಸೇರಿದ ಸಭೆ ಎರಡು ಗಂಟೆ ನಡೆದರೆ, ಎಲ್ಲರಿಗೂ ಸಮನಾಗಿ ಹಂಚಿದಾಗಲೂ ಒಬ್ಬರ ಪಾಲಿಗೆ ಬರುವುದು ಒಂದು ನಿಮಿಷ ಹನ್ನೆರಡು ಸೆಕೆಂಡು. ವಾಸ್ತವದಲ್ಲಿ ಸ್ವಾಗತ, ಹಿಂದಿನ ಸಭೆಯ ವರದಿ, ಕೃಷಿ, ಆರೋಗ್ಯ, ಪಶುಸಂಗೋಪನೆ ಮುಂತಾದ ಇಲಾಖೆಗಳ ಅಧಿಕಾರಿಗಳು ತಮ್ಮ ಯೋಜನೆಗಳ ಕುರಿತು ಕೊಡುವ ವಿವರಣೆ, ಇವೆಲ್ಲ ಮುಗಿಯುವಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಕಳೆದಿರುತ್ತದೆ; ಉಳಿದ ಹೊತ್ತಿನಲ್ಲಿ ದನಿ ದೊಡ್ಡದಿರುವ ಕೆಲವರು ಮಾತನಾಡಿ, ಬಿಸಿಲೇರುವ ಹೊತ್ತಿಗೆ ಜನ ಚದುರುತ್ತಾರೆ. ಇಂತಹ ಸಭೆಯಲ್ಲಿ ಹೆಚ್ಚು ಮಾತನಾಡುವುದನ್ನು ಪರಿಣಾಮಕಾರಿ ಪಾಲ್ಗೊಳ್ಳುವಿಕೆ ಎಂದು ಭಾವಿಸಿದರೆ ತೊಂಬತ್ತು ಜನರಿಗೆ ಅವಕಾಶವೇ ಇಲ್ಲವೆಂದಾಗುತ್ತದೆ. ಒಬ್ಬರು ಆಡಿದ ಮಾತಿನಿಂದ ಸಭೆಗೆ ಅದುವರೆಗೆ ಗೊತ್ತಿರದಿದ್ದ ಏನು ಗೊತ್ತಾಯಿತು, ಅದರಿಂದ ತೀರ್ಮಾನ ಎಷ್ಟು ಬದಲಾಯಿತು ಎಂಬುದೇ ಇಲ್ಲಿ ಸರಿಯಾದ ಅಳತೆಗೋಲು. ಈ ಅಳತೆಯಲ್ಲಿ, ಒಂದೇ ವಾಕ್ಯ ಆಡಿ ಕುಳಿತ ಕೂಲಿಕಾರ ಮಹಿಳೆ ಅರ್ಧ ಗಂಟೆ ಮಾತನಾಡಿದ ಮಾಜಿ ಸದಸ್ಯರಿಗಿಂತ ಹೆಚ್ಚಿನ ಕೆಲಸ ಮಾಡಿರಬಹುದು.

ಈ ಅಳತೆಗೋಲಿಗೆ ಮನಶ್ಶಾಸ್ತ್ರದ ಗಟ್ಟಿ ಆಧಾರವಿದೆ. ಅಮೆರಿಕದ ಸಂಶೋಧಕರಾದ ಗ್ಯಾರೊಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳನ್ನು ನಾಲ್ಕು ನಾಲ್ಕು ಜನರ ಗುಂಪುಗಳಾಗಿ ಕೂರಿಸಿ, ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರು ಕಾಲ್ಪನಿಕ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಲು ಹೇಳಲಾಯಿತು. ಕೆಲವು ಗುಂಪುಗಳಲ್ಲಿ ಅಭ್ಯರ್ಥಿಗಳ ಕುರಿತ ಎಲ್ಲ ಮಾಹಿತಿಯೂ ಎಲ್ಲ ಸದಸ್ಯರ ಕೈಯಲ್ಲಿತ್ತು; ಆ ಗುಂಪುಗಳಲ್ಲಿ ಹೆಚ್ಚಿನವು ಉತ್ತಮ ಅಭ್ಯರ್ಥಿಯನ್ನೇ ಆರಿಸಿದವು. ಬೇರೆ ಗುಂಪುಗಳಲ್ಲಿ ಉತ್ತಮ ಅಭ್ಯರ್ಥಿಯ ಗುಣಗಳನ್ನು ತುಣುಕು ತುಣುಕಾಗಿ ಒಬ್ಬೊಬ್ಬ ಸದಸ್ಯರಿಗೆ ಹಂಚಿ, ನಾಲ್ವರೂ ತಮ್ಮಲ್ಲಿರುವುದನ್ನು ಹೇಳಿಕೊಂಡರೆ ಮಾತ್ರ ಚಿತ್ರ ಪೂರ್ಣವಾಗುವಂತೆ ಮಾಡಲಾಗಿತ್ತು. ಆ ಗುಂಪುಗಳಲ್ಲಿ ಕೆಲವು ಮಾತ್ರ ಸರಿಯಾದ ಆಯ್ಕೆ ಮಾಡಿದವು. ಕಾರಣವೇನೆಂದರೆ, ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಗಳ ಸುತ್ತಲೇ ಮಾತು ಸುತ್ತಿ, ಒಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿಗಳು ಹೊರಗೆ ಬರಲೇ ಇಲ್ಲ, ಬಂದರೂ ಯಾರೂ ಅವನ್ನು ಎತ್ತಿಕೊಂಡು ಮುಂದುವರಿಸಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಹೇಳಿದವರು ಜಾಣರಂತೆ ಕಾಣುತ್ತಾರೆ. ಒಬ್ಬರಿಗೆ ಮಾತ್ರ ಗೊತ್ತಿರುವುದನ್ನು ಹೇಳಿದಾಗ ಅದನ್ನು ದೃಢಪಡಿಸುವವರಿಲ್ಲದೆ ಮಾತು ಅಲ್ಲೇ ಬಿದ್ದುಹೋಗುತ್ತದೆ. ಗುಂಪು ಸೇರಿದರೆ ತಿಳಿವಳಿಕೆ ತಾನಾಗಿಯೇ ಕೂಡಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಈ ಅಧ್ಯಯನ ಮತ್ತು ಅದರ ಹಾದಿಯಲ್ಲಿ ಮುಂದೆ ನಡೆದ ಅನೇಕ ಅಧ್ಯಯನಗಳು ಅಲುಗಾಡಿಸಿವೆ.

ಗ್ರಾಮಸಭೆಗೆ ಇದನ್ನು ಅನ್ವಯಿಸಿದರೆ ವಿಷಯ ನಿಚ್ಚಳವಾಗುತ್ತದೆ. ಕುಡಿಯುವ ನೀರಿನ ಸಮಸ್ಯೆಯಿದೆ ಎಂಬುದು ಸಭೆಯಲ್ಲಿರುವ ಎಲ್ಲರಿಗೂ ಗೊತ್ತು, ಅದನ್ನೇ ಹತ್ತು ಜನ ಹತ್ತು ಬಗೆಯಾಗಿ ಹೇಳಿದರೂ ಸಭೆಯ ತಿಳಿವಳಿಕೆ ಒಂದಿಷ್ಟೂ ಬೆಳೆಯುವುದಿಲ್ಲ. ಯಾವ ಕೊಳವೆಬಾವಿ ಯಾವ ತಿಂಗಳಲ್ಲಿ ಬತ್ತಲು ತೊಡಗುತ್ತದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ ಎಂಬುದು ನೀರಗಂಟಿಗೆ ಗೊತ್ತು. ಕರೆಂಟು ಬಂದು ಹೋಗುವ ಹೊತ್ತಿಗೂ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೂ ಇರುವ ಸಂಬಂಧ ಕೊಡ ಹಿಡಿದು ಕಾಯುವ ಹೆಂಗಸರಿಗೆ ಗೊತ್ತು. ಯಾವ ಕೇರಿಯ ಮಕ್ಕಳಿಗೆ ಹೊಟ್ಟೆನೋವು ಭೇದಿ ಹೆಚ್ಚೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ಅನುದಾನದಲ್ಲಿ ಎಷ್ಟು ಉಳಿದಿದೆ, ಅದನ್ನು ಯಾವುದಕ್ಕೆ ಬಳಸಲು ಅವಕಾಶವಿದೆ ಎಂಬುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಗೊತ್ತು. ಹೀಗೆ ನಾಲ್ಕಾರು ತಲೆಗಳಲ್ಲಿ ಚದುರಿರುವ ಸಂಗತಿಗಳು ಒಂದೆಡೆ ಕೂಡಿದಾಗಲೇ ಹೊಸ ಕೊಳವೆಬಾವಿ ಕೊರೆಸಬೇಕೋ, ಹಳೆಯ ಪೈಪನ್ನು ಬದಲಾಯಿಸಿದರೆ ಸಾಕೋ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆದ್ದರಿಂದ ಸಭೆಗೆ ಹೊರಡುವ ಮುನ್ನ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ವಿಷಯದಲ್ಲಿ ತನಗೆ ಮಾತ್ರ, ಅಥವಾ ತನ್ನಂತಹ ಕೆಲವರಿಗೆ ಮಾತ್ರ, ಗೊತ್ತಿರುವುದು ಏನು ಎಂಬುದೇ. ಅದರ ಜೊತೆಗೇ, ಬೇರೆಯವರಲ್ಲಿ ಅಡಗಿರುವುದನ್ನು ಹೊರತೆಗೆಯುವ ಪ್ರಶ್ನೆಯೂ ಅಷ್ಟೇ ಬೆಲೆಯುಳ್ಳ ಪಾಲ್ಗೊಳ್ಳುವಿಕೆ: ನೀರು ಬಿಡುವವರನ್ನು ಹೆಸರು ಹಿಡಿದು ಕರೆದು, ‘ಅಣ್ಣಾ, ಕೊನೆಯ ಬೀದಿಗೆ ನೀರು ಹತ್ತದಿರುವುದಕ್ಕೆ ಮೋಟಾರು ಕಾರಣವೋ, ಪೈಪು ಕಾರಣವೋ, ನಿಮಗೇನು ಕಾಣುತ್ತದೆ ಹೇಳಿ’ ಎಂದು ಕೇಳಿದವರು ಸ್ವತಃ ಯಾವ ಮಾಹಿತಿಯನ್ನೂ ಕೊಡದೆಯೇ ಸಭೆಯನ್ನು ಬಹುದೂರ ಮುಂದಕ್ಕೆ ಒಯ್ದಿರುತ್ತಾರೆ.

ಗೊತ್ತಿದ್ದರೂ ಹೇಳಲಾಗದಿರುವುದಕ್ಕೆ ಮಾತಿನ ಸರದಿಯೂ ಒಂದು ಕಾರಣ. ಸಂಭಾಷಣೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ತೊಡಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಎಂಬುದು, ಪ್ರಪಂಚದ ಬೇರೆ ಬೇರೆ ಕಡೆಯ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ತಿಳಿದುಬಂದಿದೆ. ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ಬಾಯಿಗೆ ತರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ, ಮುಂದಿನ ಸರದಿ ಹಿಡಿಯಬೇಕೆನ್ನುವವರು ಹಿಂದಿನವರ ಮಾತು ಮುಗಿಯುವ ಮೊದಲೇ ತಮ್ಮ ಮಾತನ್ನು ಹೊಂದಿಸಿಕೊಳ್ಳುತ್ತಿರುತ್ತಾರೆ. ಇಬ್ಬರ ಮಾತುಕತೆಯಲ್ಲಿ ಇದು ತೊಂದರೆ ಕೊಡುವುದಿಲ್ಲ. ನೂರು ಜನರ ಸಭೆಯಲ್ಲಿ ಮಾತ್ರ, ಪೂರ್ತಿ ಕೇಳಿಸಿಕೊಂಡು ಆಮೇಲೆ ಯೋಚಿಸಿ ಹೇಳುವ ಸ್ವಭಾವದವರಿಗೆ ಸರದಿಯೇ ಸಿಗದೆ, ಅವರು ಬಾಯಿ ತೆರೆಯುವ ಹೊತ್ತಿಗೆ ಚರ್ಚೆ ಬೇರೆ ವಿಷಯಕ್ಕೆ ಹೊರಳಿರುತ್ತದೆ. ಇಂತಹವರು ತಮ್ಮನ್ನು ತಾವು ಮಾತು ಬಾರದವರೆಂದು ತಿಳಿದುಕೊಳ್ಳುವುದು ದುಃಖದ ಸಂಗತಿ, ಏಕೆಂದರೆ ಸಭೆಗೆ ಹೆಚ್ಚು ಬೇಕಾಗಿರುವುದು ಅವರ ಮಾತೇ. ಹೇಳಬೇಕಾದ ಮೊದಲ ವಾಕ್ಯವನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗುವುದು, ಸಭೆ ಆರಂಭವಾಗುವ ಮೊದಲೇ ಅಧ್ಯಕ್ಷರಿಗೋ ಸಭೆಯನ್ನು ನೋಡಿಕೊಳ್ಳಲು ನೇಮಕವಾದ ನೋಡಲ್ ಅಧಿಕಾರಿಗೋ ತಾವು ಇಂತಹ ವಿಷಯದ ಮೇಲೆ ಮಾತನಾಡಬೇಕೆಂದು ತಿಳಿಸಿ ಇಡುವುದು, ಕೈ ಎತ್ತಿ ಎದ್ದು ನಿಂತು ‘ಅಧ್ಯಕ್ಷರೇ’ ಎಂದು ಕರೆದು ಸರದಿಯನ್ನು ಕಾದಿರಿಸಿಕೊಳ್ಳುವುದು, ವಿಷಯ ಮುಂದೆ ಹೋಗಿದ್ದರೂ ‘ಸ್ವಲ್ಪ ಹಿಂದೆ ಹೇಳಿದ ನೀರಿನ ವಿಷಯಕ್ಕೆ ಒಂದು ಮಾತು ಸೇರಿಸಬೇಕು’ ಎಂದು ಸಂಕೋಚವಿಲ್ಲದೆ ಹಿಂದಕ್ಕೆ ಕರೆತರುವುದು, ಇವೆಲ್ಲ ಸಣ್ಣ ಉಪಾಯಗಳಾದರೂ ಫಲ ಕೊಡುತ್ತವೆ.

ಸರದಿಗಿಂತ ದೊಡ್ಡ ಅಡ್ಡಿ ಅಂಜಿಕೆ. ಸಾಲೊಮನ್ ಆಷ್ ಎಂಬ ಮನಶ್ಶಾಸ್ತ್ರಜ್ಞರು 1950ರ ದಶಕದಲ್ಲಿ ನಡೆಸಿದ ಹೆಸರಾಂತ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಂತಹ ಸರಳ ಕೆಲಸದಲ್ಲಿಯೂ, ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಕೊಟ್ಟಾಗ, ಸುಮಾರು ಮೂರರಲ್ಲಿ ಒಂದು ಬಾರಿ ಒಂಟಿ ವ್ಯಕ್ತಿ ತನ್ನ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದ್ದು ಕಂಡುಬಂತು. ಇದಕ್ಕಿಂತ ಮುಖ್ಯವಾದ, ಆದರೆ ಅಷ್ಟಾಗಿ ಪ್ರಚಾರ ಪಡೆಯದ ಭಾಗ ಇನ್ನೊಂದಿದೆ: ಗುಂಪಿನಲ್ಲಿ ಒಬ್ಬರಾದರೂ ಸರಿಯುತ್ತರ ಹೇಳುವ ಜೊತೆಗಾರರಿದ್ದರೆ, ಹೀಗೆ ಗುಂಪಿಗೆ ಮಣಿಯುವ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಿತು. ಊರಿನ ಸಭೆಯಲ್ಲಿ ಎದುರಿಗಿರುವವರು ಅಪರಿಚಿತರಲ್ಲ. ಸಾಲ ಕೊಟ್ಟವರು, ಕೂಲಿಗೆ ಕರೆಯುವವರು, ಮೇಲ್ಜಾತಿಯ ಹಿರಿಯರು, ಪಕ್ಷದ ಮುಖಂಡರು ಅಲ್ಲೇ ಕುಳಿತಿರುವಾಗ ಒಬ್ಬರೇ ಎದ್ದು ನಿಂತು ಬೇರೆ ಮಾತು ಹೇಳುವುದಕ್ಕೆ ಗೆರೆಗಳ ಉದ್ದ ಹೇಳುವುದಕ್ಕಿಂತ ಎಷ್ಟೋ ಪಟ್ಟು ಧೈರ್ಯ ಬೇಕು. ಆದ್ದರಿಂದ ಒಂಟಿಯಾಗಿ ಧೈರ್ಯ ತಂದುಕೊಳ್ಳಿ ಎಂದು ಉಪದೇಶಿಸುವುದಕ್ಕಿಂತ, ಮೊದಲೇ ಇಬ್ಬರು ಮೂವರು ಕೂಡಿ ಮಾತಾಡಿಕೊಂಡು ಹೋಗುವಂತೆ, ಒಬ್ಬರು ಎದ್ದಾಗ ಇನ್ನೊಬ್ಬರು ‘ಅಕ್ಕ ಹೇಳಿದ್ದು ಸರಿ, ನಮ್ಮ ಬೀದಿಯಲ್ಲೂ ಹಾಗೇ ಇದೆ’ ಎಂದು ದನಿಗೂಡಿಸುವಂತೆ ಹೇಳುವುದು ಹೆಚ್ಚು ಉಪಯುಕ್ತ. ಸ್ತ್ರೀಶಕ್ತಿ ಸಂಘಗಳಲ್ಲಿಯೂ ಇತರ ಸ್ವಸಹಾಯ ಗುಂಪುಗಳಲ್ಲಿಯೂ ವಾರ ವಾರ ಸೇರಿ ಲೆಕ್ಕಪತ್ರ ಮಾತನಾಡಿ ಅಭ್ಯಾಸವಿರುವ ಮಹಿಳೆಯರಿಗೆ ಇಂತಹ ಜೊತೆ ಸಿದ್ಧವಾಗಿಯೇ ಇರುತ್ತದೆ.

ಹೆಂಗಸರ ಮಾತಿಗೆ ಸಭೆಯಲ್ಲಿ ದೊರೆಯುವ ಬೆಲೆಯನ್ನು ಅಳೆದು ನೋಡಿದ ಅಧ್ಯಯನಗಳೂ ಇವೆ. ತಮಿಳುನಾಡಿನ ಗ್ರಾಮಸಭೆಗಳಲ್ಲಿ ನಡೆದ ಮಾತುಕತೆಯನ್ನು ಅಕ್ಷರಕ್ಕಿಳಿಸಿ, ಕಂಪ್ಯೂಟರಿನ ನೆರವಿನಿಂದ ವಿಶ್ಲೇಷಿಸಿ, ರಮ್ಯಾ ಪಾರ್ಥಸಾರಥಿ, ವಿಜಯೇಂದ್ರ ರಾವ್ ಮತ್ತು ನೇತ್ರಾ ಪಳನಿಸ್ವಾಮಿ ಅವರು 2019ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮಹಿಳೆಯರು ಮಾತನಾಡುವ ಸಾಧ್ಯತೆ ಕಡಿಮೆ, ಅವರು ಎತ್ತಿದ ವಿಷಯ ಸಭೆಯ ಮುಂದಿನ ಮಾತಿಗೆ ದಿಕ್ಕಾಗುವ ಸಾಧ್ಯತೆ ಕಡಿಮೆ, ಅಧಿಕಾರಿಗಳಿಂದ ಪ್ರಶ್ನೆಗೆ ತಕ್ಕ ಉತ್ತರ ಸಿಗುವ ಸಾಧ್ಯತೆಯೂ ಕಡಿಮೆ. ಆದರೆ ಮೀಸಲಾತಿಯಿಂದಾಗಿ ಮಹಿಳೆಯೇ ಅಧ್ಯಕ್ಷರಾಗಿರುವ ಕಡೆ ಮಹಿಳೆಯರ ಪ್ರಶ್ನೆಗಳಿಗೆ ಸಿಗುವ ಸ್ಪಂದನೆ ಸುಧಾರಿಸುತ್ತದೆ. ಮಾತನಾಡುವ ಅವಕಾಶ, ವಿಷಯವನ್ನು ನೆಲೆಗೊಳಿಸುವ ಶಕ್ತಿ, ಉತ್ತರ ಪಡೆಯುವ ಹಕ್ಕು, ಇವು ಮೂರೂ ಬೇರೆ ಬೇರೆ ಎಂಬುದನ್ನು ಈ ಅಧ್ಯಯನ ತೋರಿಸಿಕೊಟ್ಟಿದೆ. ಇದಕ್ಕೆ ಮುಂಚೆ, ಸಮಾಜಶಾಸ್ತ್ರಜ್ಞೆ ಪರೋಮಿತಾ ಸನ್ಯಾಲ್ ಅವರೊಂದಿಗೆ ವಿಜಯೇಂದ್ರ ರಾವ್ ಬರೆದ ‘ಓರಲ್ ಡೆಮಾಕ್ರಸಿ’ ಎಂಬ ಪುಸ್ತಕ ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತುಕತೆಯನ್ನು ಪರಿಶೀಲಿಸಿ, ಓದುಬರಹ ಬಾರದ ಬಡವರೂ ಸಾರ್ವಜನಿಕ ವಿಷಯಗಳನ್ನು ವಿಚಾರಪೂರ್ವಕವಾಗಿ ಚರ್ಚಿಸಬಲ್ಲರು, ಸರ್ಕಾರ ಸಭೆಯನ್ನು ನಡೆಸುವ ರೀತಿಯ ಮೇಲೆ ಆ ಚರ್ಚೆಯ ಗುಣಮಟ್ಟ ಬಹಳಮಟ್ಟಿಗೆ ನಿಂತಿರುತ್ತದೆ ಎಂಬುದನ್ನು ಎತ್ತಿ ತೋರಿಸಿತು. ಚರ್ಚೆ ಸರಿಯಾಗಿ ನಡೆಯದಿದ್ದರೆ ಜನರಿಗೆ ತಿಳಿವಳಿಕೆ ಇಲ್ಲವೆಂದು ಹೇಳಿ ಕೈ ತೊಳೆದುಕೊಳ್ಳುವವರಿಗೆ ಈ ಪುಸ್ತಕ ತಕ್ಕ ಉತ್ತರ.

ಎದ್ದು ನಿಂತ ಮೇಲೆ ಮಾತನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಗೆ ನ್ಯಾಯಶಾಸ್ತ್ರದ ಪಂಚಾವಯವ, ಅಂದರೆ ಐದು ಅಂಗಗಳ ವಾಕ್ಯಕ್ರಮ, ಇಂದಿಗೂ ನೆರವಾಗಬಲ್ಲದು. ಮೊದಲನೆಯದಾದ ಪ್ರತಿಜ್ಞೆಯೆಂದರೆ ಹೇಳಬೇಕಾದ ವಿಷಯವನ್ನು ನೇರವಾಗಿ ಮುಂದಿಡುವುದು: ಊರ ಕೊನೆಯ ಕೇರಿಗೆ ಪ್ರತ್ಯೇಕ ನೀರಿನ ಪೈಪು ಬೇಕು. ಎರಡನೆಯದು ಹೇತು, ಅಂದರೆ ಕಾರಣ: ಟ್ಯಾಂಕಿನಿಂದ ಬರುವ ಒಂದೇ ಪೈಪಿಗೆ ದಾರಿಯುದ್ದಕ್ಕೂ ನಲ್ಲಿಗಳನ್ನು ಜೋಡಿಸಿರುವುದರಿಂದ ಕೊನೆಗೆ ಒತ್ತಡ ಉಳಿಯುತ್ತಿಲ್ಲ. ಮೂರನೆಯದಾದ ಉದಾಹರಣೆ ಸಾಮಾನ್ಯ ನಿಯಮವನ್ನು ಕಣ್ಣಿಗೆ ಕಾಣುವ ನಿದರ್ಶನದೊಂದಿಗೆ ಹೇಳುತ್ತದೆ: ಅಳತೆ ಮೀರಿ ನಲ್ಲಿ ಜೋಡಿಸಿದಲ್ಲೆಲ್ಲ ಹೀಗಾಗುತ್ತದೆ, ಪಕ್ಕದ ಹಳ್ಳಿಯಲ್ಲಿ ಬೇರೆ ಪೈಪು ಹಾಕಿದ ಮೇಲೆ ಸರಿಹೋಯಿತು. ನಾಲ್ಕನೆಯದು ಉಪನಯ, ಎಂದರೆ ಆ ನಿಯಮವನ್ನು ಕೈಯಲ್ಲಿರುವ ಸಂದರ್ಭಕ್ಕೆ ತಂದು ಜೋಡಿಸುವುದು: ಈ ಕೇರಿಯಲ್ಲಿಯೂ ಇಷ್ಟು ನಲ್ಲಿಗಳಿವೆ, ವಾರದಲ್ಲಿ ಇಷ್ಟೇ ದಿನ ನೀರು ಬರುತ್ತದೆ, ಇಷ್ಟು ಮನೆಗಳು ಹೊಲದ ಪಂಪುಸೆಟ್ಟಿನಿಂದ ನೀರು ಹೊರುತ್ತಿವೆ. ಐದನೆಯದು ನಿಗಮನ, ಅಂದರೆ ಆರಂಭದ ಮಾತನ್ನು ತೀರ್ಮಾನವಾಗಿ ಮತ್ತೆ ಹೇಳುವುದು: ಆದ್ದರಿಂದ ಇದನ್ನು ಈ ವರ್ಷದ ಕ್ರಿಯಾಯೋಜನೆಗೆ ಸೇರಿಸಿ ನಿರ್ಣಯ ಮಾಡಬೇಕು. ಸಾಮಾನ್ಯವಾಗಿ ಗ್ರಾಮಸಭೆಗಳಲ್ಲಿ ಕೇಳಿಬರುವ ಮಾತುಗಳಲ್ಲಿ ಮೊದಲನೆಯ ಅಂಗ ಇರುತ್ತದೆ, ಸಿಟ್ಟೂ ಇರುತ್ತದೆ, ಬಿಟ್ಟುಹೋಗುವುದು ಉಪನಯ. ನೀರೇ ಬರುವುದಿಲ್ಲ ಎಂದರೆ ಅಧಿಕಾರಿ ಪರಿಶೀಲಿಸುತ್ತೇವೆ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗಬಹುದು. ಮನೆಗಳ ಎಣಿಕೆ, ನೀರು ಬರುವ ದಿನಗಳು, ನಲ್ಲಿಗಳ ಲೆಕ್ಕ ಮುಂದಿಟ್ಟಾಗ ಅಷ್ಟು ಸುಲಭವಾಗಿ ಮುಂದೆ ಹೋಗಲಾಗುವುದಿಲ್ಲ. ಐದೂ ಅಂಗಗಳನ್ನು ಹೇಳಲು ಒಂದೂವರೆ ನಿಮಿಷ ಸಾಕೆಂಬುದನ್ನೂ ಗಮನಿಸಬೇಕು.

ಭಿನ್ನಾಭಿಪ್ರಾಯದ ವಿಷಯದಲ್ಲಿ ಹಳೆಯ ಶಾಸ್ತ್ರಗ್ರಂಥಗಳ ಪೂರ್ವಪಕ್ಷದ ಸಂಪ್ರದಾಯವನ್ನು ನೆನೆಯುವುದು ಉಚಿತ. ಎದುರಿನವರ ನಿಲುವನ್ನು ಅವರೇ ಒಪ್ಪುವಷ್ಟು ನ್ಯಾಯವಾಗಿ ಮೊದಲು ಮಂಡಿಸಿ, ಆಮೇಲೆ ಅದಕ್ಕೆ ಉತ್ತರ ಹೇಳುವುದೇ ಪೂರ್ವಪಕ್ಷದ ಕ್ರಮ. ಸೀಮಿತ ಸಂಖ್ಯೆಯ ಮನೆಗಳನ್ನು ಹಂಚುವಾಗ ಎರಡು ಕುಟುಂಬಗಳ ನಡುವೆ, ಒಂದೇ ಅನುದಾನಕ್ಕೆ ಎರಡು ಕೇರಿಗಳ ನಡುವೆ ಪೈಪೋಟಿ ಇರುವುದು ಸಹಜ. ಎದುರಿನ ಕೇರಿಗೂ ಚರಂಡಿ ಬೇಕೆಂಬುದು ನಿಜ, ಮಳೆಗಾಲದಲ್ಲಿ ಅಲ್ಲಿ ಮನೆಗಳಿಗೆ ನೀರು ನುಗ್ಗುತ್ತದೆ ಎಂದು ಒಪ್ಪಿಕೊಂಡು, ಆದರೂ ಮೊದಲು ಕುಡಿಯುವ ನೀರಿನ ಕೆಲಸ ಆಗಲಿ ಎಂದು ಕೇಳುವವರ ಮಾತಿಗೆ ಆ ಕೇರಿಯವರೂ ಕಿವಿಗೊಡುತ್ತಾರೆ. ವ್ಯಕ್ತಿಯ ಮೇಲೆ, ಅವರ ಮನೆತನದ ಮೇಲೆ, ಪಕ್ಷದ ಮೇಲೆ ಹರಿಹಾಯ್ದೊಡನೆ ಚರ್ಚೆ ಜಲ್ಪಕ್ಕಿಳಿದು, ಆ ಗದ್ದಲದಲ್ಲಿ ಸಭೆಯೇ ಮುರಿದುಬೀಳುವುದುಂಟು. ಸಭೆ ಮುರಿದುಬಿದ್ದಾಗ ನಷ್ಟವಾಗುವುದು, ಕಚೇರಿಗೆ ಹೋಗಿ ಬೇರೆ ದಾರಿಯಿಂದ ಕೆಲಸ ಮಾಡಿಸಿಕೊಳ್ಳಬಲ್ಲವರಿಗಲ್ಲ, ಸಭೆಯೊಂದನ್ನೇ ನೆಚ್ಚಿಕೊಂಡವರಿಗೆ. ಹಾಗೆಂದು ಅನ್ಯಾಯ ಕಂಡಾಗ ದನಿಯೆತ್ತಬಾರದೆಂದಲ್ಲ. ಫಲಾನುಭವಿಗಳ ಪಟ್ಟಿಯಲ್ಲಿ ಅನರ್ಹರ ಹೆಸರಿದ್ದರೆ ಅದನ್ನು ಸಭೆಯಲ್ಲೇ ಹೇಳಬೇಕು, ಗಟ್ಟಿಯಾಗಿ ಹೇಳಬೇಕು, ದಾಖಲೆಯ ಆಧಾರದ ಮೇಲೆ ಹೇಳಬೇಕು.

ಯುವಜನರಿಗೆ ಗುಂಪು ಚರ್ಚೆ ಎಂದೊಡನೆ ನೆನಪಾಗುವುದು ಉದ್ಯೋಗದ ಆಯ್ಕೆಯ ಗ್ರೂಪ್ ಡಿಸ್ಕಷನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆ ಅಧಿಕಾರಿಗಳನ್ನು ಆರಿಸಲು ಬಳಸಿದ, ಮನೋವೈದ್ಯ ವಿಲ್‌ಫ್ರೆಡ್ ಬಿಯಾನ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ‘ನಾಯಕನಿಲ್ಲದ ಗುಂಪು’ ಎಂಬ ವಿಧಾನ ಇದರ ಮೂಲಗಳಲ್ಲೊಂದು. ಭಾರತದ ಸೇನಾ ಆಯ್ಕೆ ಮಂಡಳಿಗಳು ಇಂದಿಗೂ ಅದೇ ಬಗೆಯ ಚರ್ಚೆಯನ್ನು ನಡೆಸುತ್ತವೆ. ಅಭ್ಯರ್ಥಿ ಎಷ್ಟು ಮಾತನಾಡಿದರು ಎಂಬುದಕ್ಕಿಂತ, ತಾನು ಎದ್ದು ಕಾಣಬೇಕೆಂಬ ಆಸೆಗೂ ಗುಂಪು ಕೆಲಸ ಮುಗಿಸಬೇಕೆಂಬ ಅಗತ್ಯಕ್ಕೂ ಘರ್ಷಣೆಯಾದಾಗ ಹೇಗೆ ನಡೆದುಕೊಂಡರು ಎಂಬುದನ್ನು ನೋಡುವುದು ಆ ವಿಧಾನದ ಉದ್ದೇಶವಾಗಿತ್ತು. ಮೊದಲು ಬಾಯಿ ತೆರೆದವರೇ ಗೆಲ್ಲುತ್ತಾರೆಂದು ತರಬೇತಿ ಕೇಂದ್ರಗಳಲ್ಲಿ ಹರಡಿರುವ ನಂಬಿಕೆ ಆ ಉದ್ದೇಶಕ್ಕೆ ತೀರ ವಿರುದ್ಧವಾದುದು. ಅನಿತಾ ವೂಲಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಗುಂಪುಗಳಾಗಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇತ್ತಲೇ ಬೊಟ್ಟುಮಾಡುತ್ತದೆ: ಗುಂಪಿನ ಒಟ್ಟು ಜಾಣತನಕ್ಕೆ ಸದಸ್ಯರ ಸರಾಸರಿ ಬುದ್ಧಿಮತ್ತೆಯೊಂದಿಗಾಗಲಿ, ಅತಿ ಬುದ್ಧಿವಂತರ ಬುದ್ಧಿಮತ್ತೆಯೊಂದಿಗಾಗಲಿ ಬಲವಾದ ನಂಟು ಕಾಣಲಿಲ್ಲ, ಇತರರ ಮನಸ್ಸನ್ನು ಅರಿಯುವ ಸೂಕ್ಷ್ಮತೆ ಮತ್ತು ಮಾತಿನ ಸರದಿ ಸಮನಾಗಿ ಹಂಚಿಕೆಯಾಗಿರುವುದು, ಇವುಗಳೊಂದಿಗೆ ನಂಟು ಕಂಡುಬಂತು.

ಸರದಿಯ ಹಂಚಿಕೆ ಮುಖ್ಯವಾಗಿ ಸಭೆ ನಡೆಸುವವರ ಕೈಯಲ್ಲಿರುತ್ತದೆ. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗಿ ಬಂದು, ಕಾಯುತ್ತಾ ತಮ್ಮ ಆಲೋಚನೆಯನ್ನೇ ಮರೆಯುವುದರಿಂದ, ಗುಂಪಿನಲ್ಲಿ ಹುಟ್ಟುವ ವಿಚಾರಗಳ ಸಂಖ್ಯೆ ಅಷ್ಟೇ ಜನ ಬೇರೆ ಬೇರೆ ಕುಳಿತು ಬರೆದುಕೊಡುವ ವಿಚಾರಗಳಿಗಿಂತ ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ಮೈಕೆಲ್ ಡೀಲ್ ಮತ್ತು ವುಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲಿ ತೋರಿಸಿದ್ದಾರೆ. ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆ ನಡೆಸಬೇಕೆಂಬ ನಿಯಮದ ಬೆಲೆ ಇಲ್ಲಿದೆ: ಚಿಕ್ಕ ಗುಂಪಿನಲ್ಲಿ, ಪರಿಚಯದ ಮುಖಗಳ ನಡುವೆ, ಬೇಡಿಕೆಗಳು ಹೊರಬಂದು ಕಾಗದಕ್ಕಿಳಿದರೆ, ದೊಡ್ಡ ಸಭೆಯ ಹೊತ್ತು ಆದ್ಯತೆಯನ್ನು ತೂಗಿ ನೋಡುವುದಕ್ಕೆ ಉಳಿಯುತ್ತದೆ. ವಾರ್ಡ್ ಸಭೆಯನ್ನು ಕಾಗದದ ಮೇಲೆ ಮಾತ್ರ ನಡೆಸಿ ಸಹಿ ಹಾಕಿಸಿಕೊಳ್ಳುವ ಕಡೆಗಳಲ್ಲಿ ಈ ಲಾಭ ಪೂರ್ತಿಯಾಗಿ ಕೈತಪ್ಪುತ್ತದೆ; ಆದ್ದರಿಂದ ಗ್ರಾಮಸಭೆಯಲ್ಲಿ ಪರಿಣಾಮ ಬೀರಬೇಕೆಂದಿರುವವರು ಮೊದಲು ಒತ್ತಾಯಿಸಬೇಕಾದದ್ದು ವಾರ್ಡ್ ಸಭೆ ನಿಜವಾಗಿ ನಡೆಯಬೇಕೆಂಬುದನ್ನೇ.

ಚೆನ್ನಾಗಿ ನಡೆದ ಚರ್ಚೆಯೂ ದಾಖಲೆಗೆ ಬಾರದಿದ್ದರೆ ಆಡಳಿತದ ಕಣ್ಣಿನಲ್ಲಿ ನಡೆದಿಲ್ಲವೆಂದೇ ಅರ್ಥ. ಸಭೆಯ ಕಾರ್ಯಕಲಾಪವನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ, ಯಾರು ಯಾವ ವಿಷಯ ಎತ್ತಿದರು, ಏನು ನಿರ್ಣಯವಾಯಿತು, ಯಾವ ಇಲಾಖೆ ಎಂದಿಗೆ ಮಾಡಬೇಕು ಎಂಬುದು ಬರೆಯಲ್ಪಡಬೇಕು. ಬರೆದದ್ದನ್ನು ಸಭೆ ಚದುರುವ ಮೊದಲೇ ಓದಿ ಹೇಳುವಂತೆ ಕೇಳುವುದು ಯಾವ ಸದಸ್ಯರಿಗೂ ಒಪ್ಪುವ ಬೇಡಿಕೆ. ಓದಿದಾಗ ತಮ್ಮ ವಿಷಯ ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಬಹುದು, ‘ಚರ್ಚಿಸಲಾಯಿತು’ ಎಂಬ ಒಂದೇ ಪದದಲ್ಲಿ ಮುಗಿಸಿದ್ದರೆ ತೀರ್ಮಾನ ಏನೆಂದು ಬಿಡಿಸಿ ಬರೆಯಲು ಹೇಳಬಹುದು. ಬೇಡಿಕೆಯನ್ನು ಲಿಖಿತವಾಗಿಯೂ ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆದು ಇಟ್ಟುಕೊಂಡವರಿಗೆ ಮುಂದಿನ ಸಭೆಯಲ್ಲಿ ಮಾತು ಆರಂಭಿಸಲು ಗಟ್ಟಿ ನೆಲೆ ಸಿಕ್ಕಂತಾಗುತ್ತದೆ. ಹಿಂದಿನ ಸಭೆಯ ನಿರ್ಣಯಗಳ ಮೇಲೆ ಏನೇನು ಕ್ರಮವಾಯಿತೆಂದು ತಿಳಿಸುವ ಅನುಪಾಲನಾ ವರದಿಯನ್ನು ಗ್ರಾಮಸಭೆಯ ಆರಂಭದಲ್ಲಿ ಓದುವ ಕ್ರಮವಿದೆ. ಹೆಚ್ಚಿನವರು ಆ ಹೊತ್ತಿಗೆ ಇನ್ನೂ ಬಂದಿರುವುದಿಲ್ಲ, ಬಂದವರು ಕೇಳಿಸಿಕೊಳ್ಳುತ್ತಿರುವುದಿಲ್ಲ. ಆರು ತಿಂಗಳ ಹಿಂದೆ ಪೈಪು ಕೇಳಿದ್ದ ಕೇರಿಯವರು ಸಭೆಗೆ ಬೇಗ ಬಂದು, ವರದಿಯನ್ನು ಗಮನವಿಟ್ಟು ಕೇಳಿ, ತಮ್ಮ ನಿರ್ಣಯದ ಸಾಲು ಬಂದಾಗ ‘ಅಧ್ಯಕ್ಷರೇ, ಇದರ ಅಂದಾಜುಪಟ್ಟಿ ಆಗಿದೆಯೇ, ಯಾವ ತಿಂಗಳಲ್ಲಿ ಕೆಲಸ ಶುರು’ ಎಂದು ಎದ್ದು ಕೇಳುವುದು ಅವರ ಮೊದಲ ಮಾತಿನಷ್ಟೇ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು, ಕೆಲಸ ಮಾಡುತ್ತದೆ.